ಯಾರು ಬೇಕಾದರೂ ಕೂಗಬಹುದಾದ ಮಾತು

ಜನವರಿ 9

ಹದ್ದು ಮಾವನಿಗೆ,

ಕಾಗದದ ಕೊನೆಗೆ ಹೋಗಿ ಸಹಿ ಹುಡುಕುವ ಕಷ್ಟ ಬೇಡ, ಮೊದಲೇ ಹೇಳಿಬಿಡುತ್ತೇನೆ. ನಾನು ಉಳಿ, ಎರಕದ ಕಾರ್ಖಾನೆಯ ಬಡಗಿಯ ಮಗಳು. ನಾಲಿಗೆ ಚೂಪು ಅಂತ ನೀವೇ ಇಟ್ಟ ಹೆಸರು. ಆಗ ನನಗೆ ಒಂಬತ್ತು ವರ್ಷ, ಈಗ ಮೂವತ್ತೊಂದು. ನಾಲಿಗೆ ಮಾತ್ರ ಹಾಗೇ ಇದೆ. ಅಮ್ಮನ ಟ್ರಂಕಿನಲ್ಲಿ ನಿಮ್ಮ ಹಳೆಯ ಲಕೋಟೆಯೊಂದು ಸಿಕ್ಕಿತು, ವಿಳಾಸ ಅದರ ಮೇಲಿಂದ ಕದ್ದದ್ದು. ಅಮ್ಮ ಅದನ್ನು ಒಡೆದೇ ಇರಲಿಲ್ಲ. ನಾನೂ ಒಡೆಯಲಿಲ್ಲ.

ನಾನೀಗ ಅದೇ ಕಾರ್ಖಾನೆಯ ತರಬೇತಿ ವಿಭಾಗದಲ್ಲಿದ್ದೇನೆ. ಏಪ್ರಿಲ್ ಮೊದಲ ವಾರ ನಲವತ್ತು ಜನ ಹೊಸಬರು ಬರುತ್ತಾರೆ. ಅವರಿಗೊಂದು ಕೈಪಿಡಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಯಂತ್ರಗಳ ಬಗ್ಗೆ ಚೆಂದವಾಗಿ ಬರೆದು ಮುಗಿಸಿ, ಒಂದು ದಿನ ಎರಕದ ಮನೆಗೆ ಹೋಗಿ ನಿಂತೆ. ಅಲ್ಲಿ ನನ್ನ ಕೈಪಿಡಿಯ ಭಾಷೆಯನ್ನು ಒಬ್ಬರೂ ಆಡುತ್ತಿಲ್ಲ! "ಅಜ್ಜಿ ಬಂದ್ಲು, ದಾರಿ ಬಿಡ್ರೋ" ಅಂದ ಒಬ್ಬ. "ಮೊದ್ಲು ಅವಳ ಮೂಗು ಒರೆಸು" ಅಂದ ಇನ್ನೊಬ್ಬ. "ಹೊಟ್ಟೆ ಹಸಿ ಇದೆ ಕಣೋ, ಸೀನ್ತಾಳೆ!" ಅಂತ ಮೂರನೆಯವನು ಓಡಿಯೇ ಹೋದ. ಹೊಸಬರು ಕೇಳಿದರೆ ಯಾರೋ ಮುದುಕಿಗೆ ನೆಗಡಿಯಾಗಿದೆ ಅಂದುಕೊಂಡಾರು.

ನಮ್ಮ ಸುರಕ್ಷತಾ ಅಧಿಕಾರಿಗೆ ಎರಕದ ಮನೆಯವರು ಇಟ್ಟ ಹೆಸರು 'ಇಸ್ತ್ರಿ'. ಕುಲುಮೆಯ ಪಕ್ಕ ನಿಂತರೂ ಅವರ ಅಂಗಿ ಮುದುಡುವುದಿಲ್ಲ. ಅವರು, "ಈ ಬೀದಿ ಮಾತೆಲ್ಲ ಕಿತ್ತು ಹಾಕಿ, ಶುದ್ಧವಾದ ಪದ ಕಲಿಸಿ" ಅಂತಾರೆ. ನಾನು ಹಾಗೆ ಮಾಡುವವಳಲ್ಲ. ಅರವತ್ತಮೂರು ಮಾತು ಕೂಡಿಸಿದ್ದೇನೆ. ಏಳು ಮಾತಿಗೆ ಮಾತ್ರ ಹಳಬರ ಸಹಾಯ ಬೇಕು: ಅಜ್ಜಿ, ಸೀನು, ಕೈ, ಅಳಿಯ, ಛತ್ರಿ, ಕಿವುಡು ಗಂಟೆ. ಏಳನೆಯದು 'ಬಡಗಿ'. ಹಾಗೆಂದು ಕೂಗಿದರೆ ಕ್ರೇನು ನಿಲ್ಲುತ್ತದೆ ಅಂತ ನನಗೂ ಗೊತ್ತು. ಆ ಮಾತು ಹೇಗೆ ಬಂತೆಂದು ಅಪ್ಪ ಹೋದ ದಿನ ಕ್ರೇನಿನಲ್ಲಿದ್ದವರಿಂದಲೇ ಕೇಳಬೇಕು.

ಉತ್ತರ ಬರುವವರೆಗೂ ಬಿಡುವುದಿಲ್ಲ.

ಇಂತಿ,
ಉಳಿ

---

ಜನವರಿ 21

ಉಳಿ ಮಗಳೇ,

ನಿನ್ನ ಕಾಗದ ಬಂದ ದಿನ ಒಬ್ಬರ ಬೀಗ ರಿಪೇರಿಗೆ ತೆಗೆದುಕೊಂಡವನು ಸಂಜೆಯವರೆಗೂ ಅದನ್ನೇ ಕೈಯಲ್ಲಿ ಹಿಡಿದು ಕೂತಿದ್ದೆ. ನನಗಿಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಬೀಗದ ಅಂಗಡಿ.

ಬರೆದುಕೋ. ಕರಗಿದ ಕಬ್ಬಿಣ ಹೊತ್ತು ಬರುವ ದೊಡ್ಡ ಬಕೆಟ್ಟೇ ಅಜ್ಜಿ. ನಿಧಾನ ನಡಿಗೆ, ಮೈಯೆಲ್ಲ ಬೆಂಕಿ, ಎದುರಿಗೆ ಯಾರೂ ನಿಲ್ಲುವ ಹಾಗಿಲ್ಲ. ಮೇಲೆ ತೇಲುವ ಕಿಟ್ಟ ತೆಗೆಯುವುದು ಮೂಗು ಒರೆಸುವುದು. ಮರಳಿನ ಅಚ್ಚಿನ ಹೊಟ್ಟೆಯಲ್ಲಿ ತೇವ ಉಳಿದಿದ್ದರೆ ಸುರಿದ ಕಬ್ಬಿಣ ಸಿಡಿಯುತ್ತದೆ, ಅದು ಸೀನು. ಆದರೆ ಮಗಳೇ, ಅರ್ಥ ಬರೆದರೆ ಸಾಲದು, ಧಾಟಿಯನ್ನೂ ಬರೆ. 'ಅಜ್ಜಿ' ಅಂತ ಮೆಲ್ಲಗೆ ಅಂದರೆ ಮರ್ಯಾದೆ, ಗಟ್ಟಿಯಾಗಿ ಅಂದರೆ ಓಡು ಅಂತ.

ಕೆಟ್ಟುಹೋದ ಎರಕ ಅಳಿಯ. ಕಷ್ಟಪಟ್ಟು ತಂದದ್ದು, ಕೆಲಸಕ್ಕೆ ಬಾರದ್ದು, ಹೊರಗೆ ಹಾಕೋಣವೆಂದರೆ ಎತ್ತಲಾಗದ್ದು. (ಈ ಮಾತು ಹುಟ್ಟಿಸಿದವನಿಗೆ ನಾಲ್ಕು ಜನ ಹೆಣ್ಣುಮಕ್ಕಳು.) ದೊಡ್ಡವರು ಬಂದಾಗ ಮಾತ್ರ ಬಿಚ್ಚಿಕೊಂಡು, ಕೆಲಸದ ಹೊತ್ತಿಗೆ ಮಡಚಿಕೊಂಡು ಮೂಲೆ ಸೇರುವ ಮೇಲ್ವಿಚಾರಕ ಛತ್ರಿ. ಪಾಳಿ ಮುಗಿಯುವ ಮುಂಚಿನ ಹತ್ತು ನಿಮಿಷ ಕಿವುಡು ಗಂಟೆ. ಆಗ ಯಾವ ಅಪ್ಪಣೆಯೂ ಯಾರ ಕಿವಿಗೂ ಬೀಳುವುದಿಲ್ಲ.

ಇನ್ನು 'ಕೈ'. ನೆಲದ ಮೇಲೆ ನಿಂತು ಕ್ರೇನಿಗೆ ಸನ್ನೆ ಮಾಡುವವನ ಹೆಸರೇ ಕೈ. ಎತ್ತು, ಇಳಿಸು, ನಿಲ್ಲಿಸು, ಎಲ್ಲ ಅವನ ಕೈಯಲ್ಲಿ. ಮೇಲೆ ಕ್ರೇನಿನಲ್ಲಿ ಕೂತ ಹದ್ದು ಆ ಕೈಯೊಂದನ್ನು ಬಿಟ್ಟು ಮತ್ತೇನನ್ನೂ ನೋಡಬಾರದು, ಕೇಳಬಾರದು. ನಮ್ಮ ಕಾಲದ ನಿಯಮ ಅದು.

ಏಳನೆಯದನ್ನು ಬಿಡು. ಅದು ಪಟ್ಟಿಗೆ ಸೇರುವ ಮಾತಲ್ಲ.

ನಿನ್ನ ಅಮ್ಮ ಹೇಗಿದ್ದಾಳೆ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ,
ಹದ್ದು ಮಾವ

---

ಫೆಬ್ರವರಿ 3

ಮಾವ,

ಅಳಿಯನ ಅರ್ಥ ಓದಿ ನಮ್ಮ ವಿಭಾಗದಲ್ಲಿ ಬಿದ್ದು ಬಿದ್ದು ನಕ್ಕರು, ಒಬ್ಬರನ್ನು ಬಿಟ್ಟು. ಅವರ ಮಾವನೂ ಇಲ್ಲೇ ಕೆಲಸದಲ್ಲಿದ್ದಾರೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು, ಮತ್ತೆ ಮೌನ, ಎರಡೂ ಹಳೆಯವೇ.

ಏಳನೆಯದನ್ನು ಬಿಡುವುದಿಲ್ಲ. ಏಕೆಂದು ಹೇಳುತ್ತೇನೆ. ಇಸ್ತ್ರಿ ಬೇರೆ ಮಾತುಗಳಿಗೆಲ್ಲ ಹೇಗೋ ಒಪ್ಪಿದರು, ಇದೊಂದಕ್ಕೆ ಮಾತ್ರ ಒಪ್ಪುತ್ತಿಲ್ಲ. ಇನ್ನು ಮುಂದೆ "ತುರ್ತು ನಿಲುಗಡೆ ಆದೇಶ, ಎರಡನೇ ಕ್ರೇನು" ಎನ್ನಬೇಕಂತೆ, ಅದೂ ಮೇಲ್ವಿಚಾರಕರೇ ವಾಕಿಟಾಕಿಯಲ್ಲಿ. ಬೇರೆ ಯಾರೂ ಕೂಗುವ ಹಾಗಿಲ್ಲ, ಕೂಗಿದರೆ ಶಿಸ್ತಿನ ಕ್ರಮ. ಗಡಿಯಾರ ಹಿಡಿದು ನೋಡಿದೆ. ಅವರ ಮಾತು ಮುಗಿಯಲು ಮೂರು ಸೆಕೆಂಡು ಬೇಕು. ನಮ್ಮದು ಒಂದು ಉಸಿರೂ ಅಲ್ಲ.

ಸೆಕೆಂಡಿನ ಜಗಳವಾಗಿದ್ದರೆ ಬಿಡುತ್ತಿದ್ದೆ. ಆ ಮಾತನ್ನು ಇಲ್ಲಿ ಹೇಗೆ ಬಳಸುತ್ತಾರೆ ಅಂತ ಮೂರು ವಾರ ನೋಡಿದ್ದೇನೆ ಮಾವ. ಈಗಿನ ಬಡಗಿಗಳನ್ನು ಎರಕದ ಮನೆಯಲ್ಲಿ ಯಾರೂ ಬಡಗಿ ಅನ್ನುವುದಿಲ್ಲ, 'ಮರದಣ್ಣ' ಅಂತಾರೆ. ಕ್ಯಾಂಟೀನಿನಲ್ಲಿ ಆ ಮಾತು ಎತ್ತುವುದಿಲ್ಲ. ತಮಾಷೆಗಂತೂ ಇಲ್ಲವೇ ಇಲ್ಲ. ಆದರೆ ಕೆಲಸದ ಹೊತ್ತಿನಲ್ಲಿ ಅದನ್ನು ಕಸ ಗುಡಿಸುವವಳೂ ಕೂಗಬಹುದು, ಚಹಾ ತರುವವನೂ ಕೂಗಬಹುದು. ಹೋದ ವಾರ ಕೂಗಿದ್ದು ಗುಡಿಸುವ ಅಕ್ಕ. ಕ್ರೇನು ನಿಂತಿತು. ಭಾರವನ್ನು ಪಕ್ಕಕ್ಕೆ ಇಳಿಸುವವರೆಗೂ 'ಯಾಕೆ' ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ನೋಡಿದರೆ ಸರಪಳಿಯ ಕೊಂಡಿ ಬಾಯಿ ಬಿಟ್ಟಿತ್ತು. ಇಸ್ತ್ರಿಯ ನಿಯಮದ ಪ್ರಕಾರ ಅವಳು ಮೊದಲು ಛತ್ರಿಯನ್ನು ಹುಡುಕಿಕೊಂಡು ಹೋಗಬೇಕಿತ್ತು.

ನನಗೆ ಉಳಿಸಿಕೊಳ್ಳಬೇಕಾಗಿರುವುದು ಅಪ್ಪನ ನೆನಪಿನ ಮಾತನ್ನಲ್ಲ, ಅವಳ ಆ ಹಕ್ಕನ್ನು. ಅದಕ್ಕಾಗಿ ಬರೆಯಿರಿ.

ಉಳಿ

---

ಫೆಬ್ರವರಿ 10

ಉಳಿ,

ಹಠ ಬೇಡ. ಗಾಳಿಗೆ ಗುದ್ದಿ ಕೈ ನೋಯಿಸಿಕೊಳ್ಳಬೇಡ. ದೊಡ್ಡವರು ಒಂದು ಪದ ಕೊಟ್ಟರೆ ತೆಗೆದುಕೊಂಡು ಸುಮ್ಮನಿರು, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಹೇಗಿದ್ದರೂ ಫ್ಯಾನು ಕುಲುಮೆಗಳ ಸದ್ದಿನಲ್ಲಿ ಕೆಳಗಿನ ಕೂಗು ಮೇಲೆ ಕೇಳಿಸುವುದಿಲ್ಲ.

ಅಂಗಡಿಯಲ್ಲಿ ಕೆಲಸ ಜಾಸ್ತಿ. ಇಷ್ಟು ಸಾಕು.

ಹದ್ದು ಮಾವ

---

ಫೆಬ್ರವರಿ 24

ಮಾವ,

ನಿಮ್ಮ ಕಾಗದವೂ ಇಸ್ತ್ರಿಯ ಮಾತೂ ಒಂದೇ ವಾರ ಬಂದವು, ಎರಡರಲ್ಲೂ ಒಂದೇ ವಾಕ್ಯ. "ಕೂಗು ಮೇಲೆ ಕೇಳಿಸುವುದಿಲ್ಲ, ದಾಖಲೆ ಇದೆ" ಅಂತ ಅವರು ಹಳೆಯ ಫೈಲು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅಪ್ಪ ಸತ್ತ ದಿನದ ವಿಚಾರಣೆಯ ವರದಿ. ನನ್ನ ಎದುರಿಗೆ ಅದನ್ನು ತೆರೆಯುವಾಗ ಅವರಿಗೂ ಇರಿಸುಮುರಿಸಾಯಿತು, ಸುಳ್ಳು ಹೇಳಬಾರದು. "ಇದು ಬೇಡವಾಗಿತ್ತೇನೋ" ಅಂದರು. "ಬೇಕು" ಅಂದೆ.

ಕೊನೆಯ ಪುಟದಲ್ಲಿ ನಿಮ್ಮ ಹೇಳಿಕೆ ಇದೆ. "ಕೆಳಗಿನಿಂದ ಯಾವ ಕೂಗೂ ನನಗೆ ಕೇಳಿಸಲಿಲ್ಲ." ಕೆಳಗೆ ಸಹಿ, ಬಿಲ್ಲೆ ಸಂಖ್ಯೆ 417. ಅದರ ಕೆಳಗೆ ತೀರ್ಮಾನ: ಬಡಗಿಯ ಅಜಾಗರೂಕತೆ.

ಮಾರನೆಯ ದಿನ ಕ್ರೇನಿನ ಗೂಡಿಗೆ ನಾನೇ ಹತ್ತಿದೆ. ಈಗಿನ ಹದ್ದು ಒಬ್ಬ ಹೆಂಗಸು, ನನಗಿಂತ ಚಿಕ್ಕವಳು, ಅವಳ ಪಕ್ಕ ಕೂತೆ. ಎಲ್ಲ ಫ್ಯಾನುಗಳೂ ಓಡುತ್ತಿದ್ದವು, ಎರಡೂ ಕುಲುಮೆ ಉರಿಯುತ್ತಿದ್ದವು. ಕೆಳಗಿನಿಂದ ಗುಡಿಸುವ ಅಕ್ಕ ಕೂಗಿದಳು. ನನಗೆ ಕೇಳಿಸಿತು ಮಾವ. ಹಳೆಯ ಫ್ಯಾನುಗಳಿಗಿಂತ ಈಗಿನವುಗಳ ಸದ್ದು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಕೇಳಿಸಿತು.

ಮಾರ್ಚ್ 20ಕ್ಕೆ ಮುಖ್ಯ ಕಚೇರಿಯಿಂದ ಸಮಿತಿ ಬಂದು ಆ ಮಾತು ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಆ ಕೂಗಿಗೆ ಎಷ್ಟು ಸಲ ಕ್ರೇನು ನಿಂತಿದೆಯೋ, ಒಂದೂ ದಾಖಲೆಯಾಗಿಲ್ಲ. ತಪ್ಪು ಕೂಗಿದವರಿಗೆ ತೊಂದರೆಯಾಗದಿರಲಿ ಅಂತ ಬರೆದಿಡದೇ ಇರುವುದೇ ಇಲ್ಲಿನ ಪದ್ಧತಿ. ಈಗ ಕೆಲಸದಲ್ಲಿರುವ ಹದ್ದುಗಳು ಬಾಯಿ ಬಿಡುವುದಿಲ್ಲ. ಕೆಳಗಿನ ಕೈ ಸನ್ನೆ ಮಾಡದೆ ಕ್ರೇನು ನಿಲ್ಲಿಸಿದ್ದೇನೆ ಅಂದರೆ ನಿಯಮ ಮುರಿದೆ ಅಂತ ಒಪ್ಪಿಕೊಂಡ ಹಾಗೆ. ಕೆಲಸ ಬಿಟ್ಟವರೇ ಹೇಳಬೇಕು. ಅಂಥವರಲ್ಲಿ ಉಳಿದಿರುವವರು ನೀವೊಬ್ಬರು.

ಕೇಳಿಸಿತೇ, ಇಲ್ಲವೇ?

ಉಳಿ

---

ಮಾರ್ಚ್ 6

ಮಾವ,

ಹತ್ತು ದಿನ ಕಾದೆ. ಉತ್ತರ ಬಾರದಿದ್ದರೆ ನಾನೇ ಬಂದು ನಿಮ್ಮ ಅಂಗಡಿಯ ಮುಂದೆ ಕೂರುತ್ತೇನೆ. ಬೀಗ ಹಾಕಿಕೊಂಡು ಹೋದರೂ ಪರವಾಗಿಲ್ಲ. ರಜೆಯ ಅರ್ಜಿ ಬರೆದಿಟ್ಟಿದ್ದೇನೆ.

ಉಳಿ

---

ಮಾರ್ಚ್ 11

ಮಗಳೇ,

ಬರಬೇಡ. ಬರೆಯುತ್ತಿದ್ದೇನೆ.

ಕೇಳಿಸಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಬೆವರಿತ್ತು. ತಮಾಷೆಯ ಮಾತುಗಳನ್ನೆಲ್ಲ ಬರೆದು ನಿನ್ನನ್ನು ನಗಿಸಿ ತಪ್ಪಿಸಿಕೊಳ್ಳಬಹುದೆಂದುಕೊಂಡೆ. ಉಳಿ ಅಂತ ಹೆಸರಿಟ್ಟವನಿಗೆ ಅಷ್ಟೂ ಬುದ್ಧಿ ಬೇಡವೇ.

ಆ ದಿನ ಅಚ್ಚಿನ ಪೆಟ್ಟಿಗೆಯ ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಮೇಲೆ ಕೂರಿಸುತ್ತಿದ್ದೆ. ಕಬ್ಬಿಣದ ಚೌಕಟ್ಟು, ಒಳಗೆ ಗಟ್ಟಿ ಮಾಡಿದ ಮರಳು, ಎರಡು ಎತ್ತಿನಷ್ಟು ಭಾರ. ಮರಳಿನಲ್ಲಿ ಅಚ್ಚೊತ್ತಲು ನಿನ್ನ ಅಪ್ಪ ಮಾಡಿದ ಮರದ ಮಾದರಿಯ ಒಂದು ಚೂರು ಮರಳಿನಲ್ಲಿ ಉಳಿದುಬಿಟ್ಟಿತ್ತು. ಅದನ್ನು ತೆಗೆಯಲು ಅವನು ಬಗ್ಗಿದ. ಹಾಗೇ ಬಿಟ್ಟಿದ್ದರೆ ಎರಕ ಕೆಡುತ್ತಿತ್ತು, ಇನ್ನೊಂದು ಅಳಿಯ, ಅಷ್ಟೇ. ಅವನು ಬಿಡುವ ಜಾತಿಯಲ್ಲ, ನಿನ್ನ ಹಾಗೆ. ಸನ್ನೆ ಮಾಡುವ ಕೈ ನನ್ನ ಕಡೆ ಮುಖ, ಪೆಟ್ಟಿಗೆಯ ಕಡೆ ಬೆನ್ನು ಮಾಡಿ 'ಇಳಿಸು' ಅಂತ ತೋರಿಸುತ್ತಿದ್ದ. ಸುತ್ತ ಇದ್ದವರು ಅವನನ್ನು ಎಚ್ಚರಿಸಲು "ಬಡಗೀ, ಬಡಗೀ" ಅಂತ ಕೂಗಿದರು.

ನನಗೆ ಮೊದಲ ಕೂಗೇ ಕೇಳಿಸಿತು. ಆ ವಾರ ಎರಡು ಸಲ ಯಾರೋ ಕೂಗಿದರೆಂದು ಕ್ರೇನು ನಿಲ್ಲಿಸಿದ್ದೆ, ಎರಡು ಸಲವೂ ಏನೂ ಇರಲಿಲ್ಲ. "ಹದ್ದಲ್ಲ ಕಣೋ ಇವನು, ಕೋಳಿ" ಅಂತ ಇಡೀ ಎರಕದ ಮನೆ ನಕ್ಕಿತ್ತು. ಮೂರನೇ ಸಲ ಕೋಳಿಯಾಗಲು ಮನಸ್ಸಾಗಲಿಲ್ಲ. ಕೈ 'ಇಳಿಸು' ಅಂತಿದೆ, ನಿಯಮ ನನ್ನ ಕಡೆಗಿದೆ ಅಂತ ಇಳಿಸಿದೆ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಆಮೇಲೆ ನಿಲ್ಲಿಸಿದೆ.

ವಿಚಾರಣೆಯ ಹಿಂದಿನ ದಿನ ಆಗಿನ ಮ್ಯಾನೇಜರು ಕರೆದು, "ಕೇಳಿಸಲಿಲ್ಲ ಅಂತ ಬರಿ. ಕೇಳಿಸ್ತು ಅಂದ್ರೆ ನೀನೂ ಉಳಿಯಲ್ಲ, ನಾವೂ ಉಳಿಯಲ್ಲ" ಅಂದರು. ಬರೆದೆ. ಅದರ ಕೆಳಗೆ ನಿನ್ನ ಅಪ್ಪನ ಅಜಾಗರೂಕತೆ ಅಂತ ಬರೆಯುತ್ತಾರೆಂದು ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದೆನಲ್ಲ, ಅದಕ್ಕೇನು ಹೇಳಲಿ?

ಮುಂದಿನ ವಾರ ಎರಕದ ಮನೆಯ ಹಳಬರೆಲ್ಲ ಸೇರಿ, ಇನ್ನು ಮುಂದೆ ಆ ಮಾತು ಯಾರ ಬಾಯಿಂದ ಬಂದರೂ ಕ್ರೇನು ನಿಲ್ಲಬೇಕು, ಯಾರೂ ನಗಬಾರದು ಅಂತ ತೀರ್ಮಾನ ಮಾಡಿದರು. ನನ್ನನ್ನು ಬೈಯಲಿಲ್ಲ, ಹೆಸರು ಹೇಳಲಿಲ್ಲ. ನಿಯಮ ಮಾತ್ರ ಮಾಡಿದರು. ಆ ತಿಂಗಳು ಹನ್ನೊಂದು ಸಲ ಕೂಗಿದರು. ಹನ್ನೊಂದು ಸಲವೂ ನಿಲ್ಲಿಸಿದೆ. ಹನ್ನೆರಡನೇ ಕೂಗು ಕೇಳುವ ಶಕ್ತಿ ಇಲ್ಲದೆ ಊರು ಬಿಟ್ಟೆ.

ಅಮ್ಮನ ಟ್ರಂಕಿನ ಲಕೋಟೆಯಲ್ಲಿ ಇದ್ಯಾವುದೂ ಇಲ್ಲ. ಬರೀ ಕ್ಷೇಮ ಸಮಾಚಾರ. ಅವಳು ಒಡೆಯದಿದ್ದದ್ದೇ ಒಳ್ಳೆಯದಾಯಿತು.

ಬೇರೆ ಹಾಳೆಯಲ್ಲಿ ಸಮಿತಿಗೆ ಎಲ್ಲವನ್ನೂ ಬರೆದು ಸಹಿ ಮಾಡಿದ್ದೇನೆ. ಬಿಲ್ಲೆ ಸಂಖ್ಯೆಯನ್ನೂ ಹಾಕಿದ್ದೇನೆ. ಅವರು ಏನು ಬೇಕಾದರೂ ಮಾಡಿಕೊಳ್ಳಲಿ. ನೀನೂ.

ಹದ್ದು ಮಾವ

---

ಮಾರ್ಚ್ 22

ಮಾವ,

ನಿಮ್ಮ ಹಾಳೆಯನ್ನು ಸಮಿತಿಯ ಮುಂದೆ ನಾನೇ ಓದಿದೆ. ಬೇರೆಯವರು ಓದುತ್ತೇವೆಂದರೂ ಕೊಡಲಿಲ್ಲ. 'ಒಂದು, ಎರಡು, ಮೂರು' ಬಂದಾಗ ಹಾಳೆ ಕೆಳಗಿಟ್ಟೆ. ನೀರು ಕುಡಿದು ಮತ್ತೆ ಮೊದಲಿನಿಂದ ಓದಿದೆ.

ಮೊದಲು ಇಸ್ತ್ರಿಯೇ ಕೇಳಿದರು, "ಹಾಗಾದ್ರೆ ಹಳೇ ವರದಿ ತಪ್ಪು ಅಂತ ನಾವು ಬರೀಬೇಕಾಗ್ತದಲ್ಲ?"

"ಬರೀರಿ" ಅಂದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಈಗಿನ ಹದ್ದು ಎದ್ದು ನಿಂತಳು. "ಆ ಕೂಗಿಗೆ ನಾನೂ ನಿಲ್ಲಿಸಿದ್ದೀನಿ. ಎಂಟು ಸಲ. ಕೆಲಸದಿಂದ ತೆಗೆಯೋದಾದ್ರೆ ತೆಗೀರಿ" ಅಂದಳು. ಅವಳ ಪಕ್ಕದವನು ಐದು ಅಂದ. ಒಂದನೇ ಕ್ರೇನಿನವನು ಲೆಕ್ಕ ಇಟ್ಟಿಲ್ಲ ಅಂದ. ಗುಡಿಸುವ ಅಕ್ಕನನ್ನು ಯಾರೂ ಕರೆದಿರಲಿಲ್ಲ, ಪೊರಕೆ ಹಿಡಿದೇ ಒಳಗೆ ಬಂದು ಕೊಂಡಿಯ ಕಥೆ ಹೇಳಿದಳು. ಎಲ್ಲವನ್ನೂ ಇಸ್ತ್ರಿ ತಮ್ಮ ಕೈಯಾರೆ ಬರೆದುಕೊಂಡರು. ಆ ಮನುಷ್ಯನ ಅಂಗಿ ಮುದುಡಿದ್ದನ್ನು ಮೊದಲ ಸಲ ನೋಡಿದೆ.

ಕೈಪಿಡಿಯಲ್ಲಿ ಹೀಗೆ ಅಚ್ಚಾಗುತ್ತದೆ:

"ಬಡಗಿ: ಎರಕದ ಮನೆಯಲ್ಲಿರುವ ಯಾರು ಬೇಕಾದರೂ, ಬಂದ ಮೊದಲ ದಿನವೇ ಆದರೂ, ಕೂಗಬಹುದು. ಕೇಳಿದ ಕೂಡಲೇ ಕ್ರೇನು ನಿಲ್ಲಬೇಕು. ಭಾರವನ್ನು ಪಕ್ಕಕ್ಕೆ ಇಳಿಸುವವರೆಗೆ ಏಕೆ ಎಂದು ಕೇಳಬಾರದು. ತಪ್ಪಾಗಿ ಕೂಗಿದವರನ್ನು ಬೈಯಬಾರದು, ನಿಲ್ಲಿಸಿದವರನ್ನು ನೋಡಿ ನಗಬಾರದು."

ಕೊನೆಯ ಆರು ಮಾತು ನಿಮ್ಮ ಕಾಗದ ಬಂದ ಮೇಲೆ ಸೇರಿಸಿದ್ದು.

ವರದಿಯಿಂದ 'ಅಜಾಗರೂಕತೆ' ತೆಗೆದಿದ್ದಾರೆ. ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಅವರದ್ದೇನೂ ತಪ್ಪಿಲ್ಲ ಅಂತಾಯ್ತಲ್ಲ" ಅಂದಳು. ಆಮೇಲೆ ತೊಳೆದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದಳು.

ಇನ್ನು ನಮ್ಮಿಬ್ಬರ ವಿಷಯ. ಕ್ಷಮಿಸಿದ್ದೇನೆ ಅಂತ ಬರೆಯಲು ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ಆ ಮೂರು ಎಣಿಕೆಯನ್ನು ಕ್ಷಮಿಸಬಲ್ಲೆ. ಆ ಹೊತ್ತಿನಲ್ಲಿ ನಾನಾಗಿದ್ದರೂ ಏನು ಮಾಡುತ್ತಿದ್ದೆನೋ. ಇಪ್ಪತ್ತೆರಡು ವರ್ಷವನ್ನು ಕ್ಷಮಿಸಲು ಆಗುತ್ತಿಲ್ಲ. ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ ಮಾವ.

ಆದರೂ ಏಪ್ರಿಲ್ 4ಕ್ಕೆ ನೀವು ಬರಬೇಕು. ಹೊಸಬರ ಮೊದಲ ಪಾಠಕ್ಕೆ ನಿಮ್ಮನ್ನೇ ಹಾಕಿದ್ದೇನೆ. ಕೇಳಿಸಿದ್ದನ್ನೂ ಹೇಳಿ, ಕೇಳಿಸಲಿಲ್ಲ ಅಂತ ಬರೆದದ್ದನ್ನೂ ಹೇಳಿ. ಸಿಟ್ಟು ನನ್ನದು, ಅದು ಹಾಗೇ ಇರಲಿ. ಪಾಠ ಅವರದ್ದು.

ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ನಿಂತಿರುತ್ತೇನೆ.

ಉಳಿ

---

ಏಪ್ರಿಲ್ 6

ಉಳಿ ಮಗಳೇ,

ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು.

ನಲವತ್ತು ಜನರ ಎದುರಿಗೆ ನಾನು ನಿಂತದ್ದನ್ನು ನೀನೇ ನೋಡಿದೆ. ಹೇಳಿ ಮುಗಿಸಿದೆ, ಅಷ್ಟೇ ಸಾಕು. ನಿನ್ನ ಮುಖ ನೋಡಿ ಹೇಳಲು ಆಗಲಿಲ್ಲ, ಗೋಡೆ ನೋಡಿ ಹೇಳಿದೆ. ಹೊಗಳಿಕೆಯ ಮಾತು ಬರೆಯಬೇಡಿ ಅಂದಿದ್ದೀ, ಬರೆಯುವುದಿಲ್ಲ. ಆದರೆ ಮಧ್ಯಾಹ್ನದ್ದೊಂದನ್ನು ಬರೆಯದೆ ಇರಲಾರೆ. ನೀನು ಆಗ ಕೆಳಗಿದ್ದೆ. ನಾನು ಗೂಡಿನಲ್ಲಿ, ಈಗಿನ ಹದ್ದು ಹುಡುಗಿಯ ಹಿಂದೆ ನಿಂತಿದ್ದೆ. ಅಲ್ಲಿಂದ ಕಂಡದ್ದು ನಿನಗೆ ಗೊತ್ತಿರಲಿಕ್ಕಿಲ್ಲ.

ಅವಳು ಖಾಲಿ ಪೆಟ್ಟಿಗೆಯೊಂದನ್ನು ಇಳಿಸುತ್ತಿದ್ದಳು. ಹೊಸಬರಲ್ಲಿ ಆ ಕನ್ನಡಕದ ಸಣ್ಣ ಹೆಂಗಸು "ಬಡಗೀ" ಅಂತ ಕೂಗಿಬಿಟ್ಟಳು. ನಾನು ಗೋಡೆ ಹಿಡಿದುಕೊಂಡೆ. ಇವಳು ಕೆಳಗೆ ಇಣುಕಿ ಸಹ ನೋಡಲಿಲ್ಲ ಮಗಳೇ. ಮೊದಲು ಅವಳ ಕೈ ಕ್ರೇನು ನಿಲ್ಲಿಸಿತು, ಆಮೇಲೆ ಕಣ್ಣು ನೋಡಿತು. ಭಾರ ಪಕ್ಕಕ್ಕೆ ಇಳಿಯಿತು. ಕೆಳಗೆ ಎಲ್ಲರೂ ನಿಂತಲ್ಲೇ ನಿಂತಿದ್ದರು. ಆಮೇಲೆ ಗೊತ್ತಾಯಿತಲ್ಲ, ಆ ಕನ್ನಡಕದವಳು ಹೆದರಿದ್ದು ನೆಲದ ಮೇಲೆ ಅಲ್ಲಾಡಿದ ಸರಪಳಿಯ ನೆರಳಿಗೆ. ಅಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಪಾಪ, ಅವಳು ಅಳುವ ಹಾಗಾದಳು. ನೀನು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟದ್ದು ಮೇಲಿನಿಂದ ಕಂಡಿತು. ಒಬ್ಬರೂ ನಗಲಿಲ್ಲ. ಎಲ್ಲರೂ ತಂತಮ್ಮ ಕೆಲಸಕ್ಕೆ ಮರಳಿದರು.

ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿದೆ. ಆ ದಿನ ನಾನೂ ಹಾಗೆ ನಿಲ್ಲಿಸಿದ್ದರೆ ಎಲ್ಲರೂ ಕೋಳಿ ಅಂತ ನಗುತ್ತಿದ್ದರು. ನಾನು ಸಿಟ್ಟಿನಿಂದ ಕೆಳಗಿಳಿದು ಬಂದು ನಿನ್ನ ಅಪ್ಪನಿಗೆ, "ಎಲ್ಲಿಟ್ಟಿದ್ಯೋ ಕಣ್ಣು, ನಿನ್ನಿಂದ ಮತ್ತೆ ಮರ್ಯಾದೆ ಹೋಯ್ತು" ಅಂತ ಬೈಯುತ್ತಿದ್ದೆ. ಅವನು ಆ ಮರದ ಚೂರನ್ನು ತೋರಿಸಿ ತಿರುಗಿ ಬೈಯುತ್ತಿದ್ದ. ಸಂಜೆಯವರೆಗೂ ಮಾತು ಬಿಡುತ್ತಿದ್ದೆವು.

ಮಾವ